ಇಎಸ್‌ಪಿ32 ಡೀಪ್ ಸ್ಲೀಪ್: ಮಿಲಿಆ್ಯಂಪ್‌ನಿಂದ ಮೈಕ್ರೊಆ್ಯಂಪ್‌ಗೆ ಇಳಿಸುವ ಕ್ರಮ

ಇಎಸ್‌ಪಿ32 ವೈಫೈ ಇರುವ ಮೈಕ್ರೊಕಂಟ್ರೋಲರ್ ಚಿಪ್. ಅದರ ಡೇಟಾಶೀಟ್‌ನಲ್ಲಿ ಡೀಪ್ ಸ್ಲೀಪ್ (ಟೈಮರ್ ಬಿಟ್ಟು ಬಹುತೇಕ ಎಲ್ಲ ಆಫ್ ಆಗುವ ನಿದ್ದೆ) ಬಳಕೆ 10 ಮೈಕ್ರೊಆ್ಯಂಪ್ ಎಂದಿರುತ್ತದೆ. ಕೋಡ್ ಹಾಕಿ ತೋಟದಲ್ಲಿಟ್ಟ ಸೆನ್ಸರ್ ಎರಡನೇ ವಾರಕ್ಕೇ ಸುಮ್ಮನಾಗಿರುತ್ತದೆ. ಆಗ ಹೆಚ್ಚಿನವರು ಮತ್ತೆ ಕೋಡ್ ತೆರೆದು ಕೂರುತ್ತಾರೆ: ಲೈಬ್ರರಿ ಬದಲಿಸುತ್ತಾರೆ, ಪ್ರೊಸೆಸರ್ ವೇಗ ಇಳಿಸುತ್ತಾರೆ, ಯಾರದೋ ಸ್ಕೆಚ್ (ಪ್ರೋಗ್ರಾಂ) ತಂದು ಅಂಟಿಸುತ್ತಾರೆ. ನಿದ್ದೆಗೆ ಕಳಿಸುವ ಕೋಡ್ ಇರುವುದೇ ಎರಡು ಸಾಲು. ಅದು ತಪ್ಪಿರುವುದು ಅಪರೂಪ. ಕರೆಂಟ್ ಸೋರುವುದು ಚಿಪ್ಪಿನ ಸುತ್ತಮುತ್ತ: ರೆಗ್ಯುಲೇಟರ್ (ವೋಲ್ಟೇಜನ್ನು 3.3ಕ್ಕೆ ಇಳಿಸುವ ಭಾಗ), ಯುಎಸ್‌ಬಿ ಚಿಪ್, ಎಲ್‌ಇಡಿ, ಸೆನ್ಸರ್, ತೇಲುವ ಪಿನ್ (ಹೈ, ಲೋ ಯಾವುದಕ್ಕೂ ಕಟ್ಟಿರದ ಪಿನ್).

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಲೆಕ್ಕ, ಆಮೇಲೆ ಅಳತೆ, ಆಮೇಲೆ ಬೋರ್ಡ್, ಸೆನ್ಸರ್, ಪಿನ್. ಕೋಡಿನ ಸರದಿ ಕೊನೆಗೆ. ಉದಾಹರಣೆಗೆ ಇಟ್ಟುಕೊಂಡಿರುವುದು ಇಎಸ್‌ಪಿ32-ವ್ರೂಮ್-32 ಮಾಡ್ಯೂಲ್, ಒಂದು 18650 ಲಿಥಿಯಂ-ಅಯಾನ್ ಸೆಲ್, ಮಣ್ಣಿನ ತೇವಾಂಶದ ಸೆನ್ಸರ್. 15 ನಿಮಿಷಕ್ಕೊಮ್ಮೆ ಎದ್ದು ವೈಫೈನಲ್ಲಿ ರೀಡಿಂಗ್ ಕಳಿಸಿ ಮಲಗಬೇಕು. ಎಸ್‌ಟಿಎಂ32 ಅಥವಾ ಎನ್‌ಆರ್‌ಎಫ್52 ಮೈಕ್ರೊಕಂಟ್ರೋಲರ್ ಬಳಸುವವರಿಗೆ ಅಂಕಿಗಳು ಬೇರೆ, ಕ್ರಮ ಇದೇ.

## ಬೇಕಾಗುವ ಸಾಮಾನು

- ಮೈಕ್ರೊಆ್ಯಂಪ್ ರೇಂಜ್ ಇರುವ ಮಲ್ಟಿಮೀಟರ್. 200 ಮೈಕ್ರೊಆ್ಯಂಪ್ ರೇಂಜಿನ ಅಗ್ಗದ ಮೀಟರೂ ನಡೆಯುತ್ತದೆ, ಬಳಸುವ ರೀತಿ ಗೊತ್ತಿದ್ದರೆ.
- ಬೇರ್ ಇಎಸ್‌ಪಿ32 ಮಾಡ್ಯೂಲ್ (ಯುಎಸ್‌ಬಿ, ರೆಗ್ಯುಲೇಟರ್ ಇಲ್ಲದ ಬರೀ ಮಾಡ್ಯೂಲ್), ಅದನ್ನು ಕೂರಿಸಲು ಅಡಾಪ್ಟರ್ ಪ್ಲೇಟ್, 3.3 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್.
- ತಾನೇ ಕಡಿಮೆ ಕರೆಂಟ್ ತಿನ್ನುವ 3.3 ವೋಲ್ಟ್ ರೆಗ್ಯುಲೇಟರ್. ಆಯ್ಕೆಯ ಬಗ್ಗೆ ಹಂತ 4ರಲ್ಲಿದೆ.
- ಎಒ3401 ಪಿ-ಚಾನೆಲ್ ಮಾಸ್‌ಫೆಟ್ (ಇಲ್ಲಿ ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್). 10 ಕಿಲೋ, 100 ಕಿಲೋ, 1 ಮೆಗಾ ಓಮ್ ರೆಸಿಸ್ಟರ್‌ಗಳು. 100 ನ್ಯಾನೊ, 1 ಮತ್ತು 10 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್‌ಗಳು. ಪರೀಕ್ಷೆಗೆ ಒಂದು 1000 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್.
- ಚೂಪು ತುದಿಯ ಸೋಲ್ಡರಿಂಗ್ ಐರನ್, ಸೋಲ್ಡರ್ ವಿಕ್, ಫ್ಲಕ್ಸ್, ಚಿಮುಟ, ಐಸೊಪ್ರೊಪೈಲ್ ಆಲ್ಕೋಹಾಲ್.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸೆಲ್ ಕೊಳ್ಳುವಾಗ ಒಂದು ಎಚ್ಚರ. 18650 ಅಳತೆಯಲ್ಲಿ ಇವತ್ತಿಗೂ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್‌ಗಳ ಗರಿಷ್ಠ ಸಾಮರ್ಥ್ಯ 3500 ಮಿಲಿಆ್ಯಂಪ್-ಅವರ್ ಆಸುಪಾಸು. ಮೈಮೇಲೆ 9900 ಎಂದು ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಅಸಲಿ ಸೆಲ್ 45ರಿಂದ 48 ಗ್ರಾಂ ತೂಗುತ್ತದೆ. ನಕಲಿ ಕೈಗೇ ಹಗುರ ಅನ್ನಿಸುತ್ತದೆ.

## ಹಂತ 1: ಲೆಕ್ಕ ಹಾಕಿ

ದಿನಕ್ಕೆ ಎಷ್ಟು ಮಿಲಿಆ್ಯಂಪ್-ಅವರ್ ಖರ್ಚು ಎಂಬುದನ್ನು ಎರಡು ಭಾಗ ಮಾಡಿ ಬರೆದುಕೊಳ್ಳಿ: ಎದ್ದಿರುವಾಗಿನದು, ಮಲಗಿರುವಾಗಿನದು.

ಎದ್ದಿರುವಾಗ: ಬೂಟ್ ಆಗಿ, ವೈಫೈಗೆ ಸೇರಿ, ಡೇಟಾ ಕಳಿಸಲು 3 ಸೆಕೆಂಡ್, ಸರಾಸರಿ 100 ಮಿಲಿಆ್ಯಂಪ್ ಎಂದಿಟ್ಟುಕೊಳ್ಳೋಣ. ಒಂದು ಸಲಕ್ಕೆ 300 ಮಿಲಿಆ್ಯಂಪ್-ಸೆಕೆಂಡ್, ಅಂದರೆ 0.083 ಮಿಲಿಆ್ಯಂಪ್-ಅವರ್. 15 ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ಸಲ, ಒಟ್ಟು ಸುಮಾರು 8.

ಮಲಗಿರುವಾಗ: 10 ಮೈಕ್ರೊಆ್ಯಂಪ್ ಆದರೆ ದಿನಕ್ಕೆ 0.24. ಮಾಮೂಲಿ ಡೆವ್‌ಬೋರ್ಡ್‌ನ (ಮಾಡ್ಯೂಲ್ ಜೊತೆ ಇವೆಲ್ಲ ಕೂರಿಸಿ ಮಾರುವ ಬೋರ್ಡ್) ರೆಗ್ಯುಲೇಟರ್, ಎಲ್‌ಇಡಿ, ಯುಎಸ್‌ಬಿ ಚಿಪ್ ಸೇರಿ 6.5 ಮಿಲಿಆ್ಯಂಪ್ ಆದರೆ ದಿನಕ್ಕೆ 156.

2500 ಮಿಲಿಆ್ಯಂಪ್-ಅವರ್ ಸೆಲ್‌ನಲ್ಲಿ 2000 ಬಳಸಬಹುದು ಎಂದುಕೊಂಡರೆ, ಎರಡನೆಯ ಸಂದರ್ಭದಲ್ಲಿ ಆಯಸ್ಸು 12 ದಿನ. ಮೊದಲನೆಯದರಲ್ಲಿ ಆರು ತಿಂಗಳಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ಯಾವುದನ್ನು ಮೊದಲು ಸರಿಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ. ಸ್ಲೀಪ್ ಸರಿಯಾದ ಮೇಲೆ ಚಿತ್ರ ತಿರುಗುತ್ತದೆ: ಆಗ ಖರ್ಚೆಲ್ಲ ಆ 3 ಸೆಕೆಂಡಿನದು.

## ಹಂತ 2: ಮೀಟರನ್ನು ಸರಿಯಾಗಿ ಕೂರಿಸಿ

ತಪ್ಪು ನಿರ್ಧಾರಗಳು ಹುಟ್ಟುವುದು ಹೆಚ್ಚಾಗಿ ತಪ್ಪು ಅಳತೆಯಿಂದ. ಅಗ್ಗದ ಮೀಟರ್‌ಗಳು ಕರೆಂಟ್ ಅಳೆಯುವುದು ಒಳಗಿನ ಒಂದು ರೆಸಿಸ್ಟರ್‌ನ ಮೇಲೆ ಬೀಳುವ 200 ಮಿಲಿವೋಲ್ಟ್‌ವರೆಗಿನ ವೋಲ್ಟೇಜ್ ನೋಡಿ. 200 ಮೈಕ್ರೊಆ್ಯಂಪ್ ರೇಂಜಿನಲ್ಲಿ ಆ ರೆಸಿಸ್ಟರ್ ಸುಮಾರು 1 ಕಿಲೋಓಮ್. 10 ಮೈಕ್ರೊಆ್ಯಂಪ್ ಹರಿಯುವಾಗ ಬೀಳುವುದು 10 ಮಿಲಿವೋಲ್ಟ್, ತೊಂದರೆಯಿಲ್ಲ. ಬೂಟ್ ಆಗುವಾಗ ಚಿಪ್ 100 ಮಿಲಿಆ್ಯಂಪ್ ಕೇಳಿದರೆ 1 ಕಿಲೋಓಮ್ ಮೂಲಕ ಅದು ಬರುವುದೇ ಇಲ್ಲ. ವೋಲ್ಟೇಜ್ ಕುಸಿದು ಬ್ರೌನ್‌ಔಟ್ ರೀಸೆಟ್ ಆಗುತ್ತದೆ, ಮತ್ತೆ ಬೂಟ್, ಮತ್ತೆ ರೀಸೆಟ್. ಮೀಟರ್ ಮಾತ್ರ ಏನೋ ಒಂದು ಅಂಕಿ ತೋರಿಸುತ್ತಿರುತ್ತದೆ, ಅದನ್ನೇ ಸ್ಲೀಪ್ ಕರೆಂಟ್ ಎಂದು ನಂಬಿ ಕೂರುತ್ತೇವೆ.

ಕ್ರಮ ಹೀಗಿರಲಿ:

1. ಸ್ಲೀಪ್ ಅವಧಿಯನ್ನು ಪರೀಕ್ಷೆಗಾಗಿ 2 ನಿಮಿಷಕ್ಕೆ ಇಡಿ.
2. ಯುಎಸ್‌ಬಿ ಕೇಬಲ್ ಮತ್ತು ಸೀರಿಯಲ್ ಅಡಾಪ್ಟರ್‌ನ ಎಲ್ಲ ತಂತಿಗಳನ್ನು ಬಿಚ್ಚಿ. ಗ್ರೌಂಡ್ ಸಹ.
3. ಬ್ಯಾಟರಿಯ ಪಾಸಿಟಿವ್ ತಂತಿಯ ನಡುವೆ ಮೀಟರನ್ನು ಸೀರೀಸ್‌ನಲ್ಲಿ ಸೇರಿಸಿ. ಮೀಟರ್‌ನ ಎರಡು ಪ್ರೋಬ್‌ಗಳ ನಡುವೆ ಒಂದು ಜಂಪರ್ ಹಾಕಿ ಶಾರ್ಟ್ ಮಾಡಿ.
4. ಪವರ್ ಕೊಡಿ. ಬೋರ್ಡ್ ತನ್ನ ಕೆಲಸ ಮುಗಿಸಿ ಮಲಗಲಿ. ಇನ್ನೊಂದು 10 ಸೆಕೆಂಡ್ ಕಾಯಿರಿ.
5. ಮೀಟರ್ 20 ಮಿಲಿಆ್ಯಂಪ್ ರೇಂಜಿನಲ್ಲಿರುವಾಗ ಜಂಪರ್ ತೆಗೆಯಿರಿ. ಅಂಕಿ ಸೊನ್ನೆಯ ಹತ್ತಿರ ಇದ್ದರೆ ಜಂಪರ್ ಮತ್ತೆ ಹಾಕಿ, ಕೆಳಗಿನ ರೇಂಜಿಗೆ ತಿರುಗಿಸಿ, ಮತ್ತೆ ತೆಗೆಯಿರಿ.
6. ಎಚ್ಚರಗೊಳ್ಳುವ ಮೊದಲೇ ಜಂಪರ್ ವಾಪಸ್ ಹಾಕಿ.

ಐದನೇ ಹೆಜ್ಜೆಯಲ್ಲಿ ಜಂಪರ್ ಹಾಕದೆ ರೇಂಜ್ ತಿರುಗಿಸಿದರೆ ನಾಬ್ ಎರಡು ಸ್ಥಾನಗಳ ನಡುವೆ ಇರುವ ಆ ಕ್ಷಣ ಸರ್ಕ್ಯೂಟ್ ಕಡಿದು ಬೋರ್ಡ್ ರೀಸೆಟ್ ಆಗುತ್ತದೆ.

ಎರಡನೇ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಸೀರಿಯಲ್ ಅಡಾಪ್ಟರ್‌ನ ಟಿಎಕ್ಸ್ ತಂತಿ ಸುಮ್ಮನಿರುವಾಗ 3.3 ವೋಲ್ಟ್‌ನಲ್ಲಿರುತ್ತದೆ. ಅದು ಇಎಸ್‌ಪಿ32ರ ಆರ್‌ಎಕ್ಸ್ ಪಿನ್ನಿನ ರಕ್ಷಣಾ ಡಯೋಡ್ ಮೂಲಕ ಇಡೀ ಬೋರ್ಡಿಗೆ ಹಿಂಬಾಗಿಲಿಂದ ಕರೆಂಟ್ ಕೊಡುತ್ತದೆ. ಮೀಟರ್ ತೀರಾ ಕಡಿಮೆ ತೋರಿಸಿದರೆ, ಇಲ್ಲವೇ ಮೈನಸ್ ಅಂಕಿ ಬಂದರೆ ಕಾರಣ ಇದೇ.

ಅಂಕಿಯ ಮೇಲೆ ಅನುಮಾನ ಇದ್ದರೆ ಕೆಪಾಸಿಟರ್‌ನಿಂದ ತಾಳೆ ನೋಡಿ. ರೆಗ್ಯುಲೇಟರ್ ಬಿಟ್ಟು, 3.3 ವೋಲ್ಟ್ ಸಾಲಿಗೆ ನೇರವಾಗಿ ಬೆಂಚ್ ಸಪ್ಲೈ ಮತ್ತು 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಚಿಪ್ ಮಲಗಿದ ಮೇಲೆ ಸಪ್ಲೈ ಬಿಚ್ಚಿ, 20 ಸೆಕೆಂಡ್ ಬಿಟ್ಟು ವೋಲ್ಟೇಜ್ ನೋಡಿ. 0.2 ವೋಲ್ಟ್ ಇಳಿದಿದ್ದರೆ ಬಳಕೆ 10 ಮೈಕ್ರೊಆ್ಯಂಪ್. ಪ್ರೋಬ್ ಮುಟ್ಟಿಸಿ ತಕ್ಷಣ ತೆಗೆಯಬೇಕು. 1 ಮೆಗಾಓಮ್ ಒಳರೋಧದ ಮೀಟರ್ ತಾನೇ 3 ಮೈಕ್ರೊಆ್ಯಂಪ್ ಎಳೆಯುತ್ತದೆ. ಎಲೆಕ್ಟ್ರೊಲಿಟಿಕ್ ಸ್ವಂತವಾಗಿಯೂ ಸೋರುತ್ತದೆ, ಬೋರ್ಡ್ ಇಲ್ಲದೆ ಅದೊಂದನ್ನೇ ಒಮ್ಮೆ ಅಳೆದು ಕಳೆಯಿರಿ.

ಇದೇ ಕೆಲಸ ಮತ್ತೆ ಮತ್ತೆ ಇದ್ದರೆ ನಾರ್ಡಿಕ್‌ನ ಪವರ್ ಪ್ರೊಫೈಲರ್ ಕಿಟ್ 2 ಕೊಳ್ಳುವುದು ಒಳ್ಳೆಯದು. 0.8ರಿಂದ 5 ವೋಲ್ಟ್‌ವರೆಗೆ ತಾನೇ ಸಪ್ಲೈ ಕೊಟ್ಟು, 1 ಆ್ಯಂಪ್‌ವರೆಗೆ ರೇಂಜನ್ನು ತಾನೇ ಬದಲಿಸಿಕೊಂಡು ಗ್ರಾಫ್ ತೋರಿಸುತ್ತದೆ. ಜಂಪರ್ ಆಟ ಬೇಡವಾಗುತ್ತದೆ. ಹಂತ 8ಕ್ಕಂತೂ ಇಂಥದ್ದೊಂದು ಇದ್ದರೆ ಅರ್ಧ ಕೆಲಸ ಮುಗಿದಂತೆ.

## ಹಂತ 3: ಬರೀ ಮಾಡ್ಯೂಲನ್ನು ಮಲಗಿಸಿ ನೋಡಿ

ಬೇರ್ ಮಾಡ್ಯೂಲಿಗೆ ಇಷ್ಟು ಮಾತ್ರ ಸೇರಿಸಿ: ಚಿಪ್ಪನ್ನು ಆನ್ ಮಾಡುವ ಇಎನ್ ಪಿನ್ನಿಗೆ 10 ಕಿಲೋಓಮ್ ಪುಲ್‌ಅಪ್ (3.3 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಮತ್ತು ಗ್ರೌಂಡಿಗೆ 1 ಮೈಕ್ರೊಫ್ಯಾರಡ್, ಸಪ್ಲೈ ಪಿನ್ನಿನ ಪಕ್ಕದಲ್ಲೇ 10 ಮೈಕ್ರೊಫ್ಯಾರಡ್ ಮತ್ತು 100 ನ್ಯಾನೊಫ್ಯಾರಡ್. ಜಿಪಿಐಒ0 (ಸಾಮಾನ್ಯ ಇನ್‌ಪುಟ್-ಔಟ್‌ಪುಟ್ ಪಿನ್‌ಗಳಲ್ಲೊಂದು) ಅನ್ನು ಗ್ರೌಂಡ್ ಮಾಡಿ ರೀಸೆಟ್ ಕೊಟ್ಟರೆ ಪ್ರೋಗ್ರಾಂ ಹಾಕುವ ಮೋಡ್‌ಗೆ ಬರುತ್ತದೆ.

ಸ್ಕೆಚ್‌ನಲ್ಲಿ ಟೈಮರ್ ವೇಕ್‌ಅಪ್ ಹಾಕಿ, ನೇರ ಡೀಪ್ ಸ್ಲೀಪ್‌ಗೆ ಕಳಿಸಿ. ವೈಫೈ ಬೇಡ, ಸೆನ್ಸರ್ ಲೈಬ್ರರಿ ಬೇಡ. 3.3 ವೋಲ್ಟ್ ಕೊಟ್ಟು ಅಳೆದಾಗ 10 ಮೈಕ್ರೊಆ್ಯಂಪ್ ಆಸುಪಾಸು ಬರಬೇಕು. ಬಂದರೆ ಕೋಡ್ ಮತ್ತು ಚಿಪ್ ಎರಡೂ ಸರಿ, ಆ ಚರ್ಚೆ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ಒಂದೊಂದೇ ಭಾಗ ಸೇರಿಸುತ್ತ, ಪ್ರತಿ ಸಲ ಅಳೆದು ಬರೆದಿಡುತ್ತ ಹೋಗಬೇಕು. ಒಟ್ಟಿಗೆ ಮೂರು ಸೇರಿಸಿ ಆಮೇಲೆ ಯಾವುದು ಎಂದು ಹುಡುಕಬೇಡಿ.

ಇಲ್ಲಿಯೇ 0.8 ಮಿಲಿಆ್ಯಂಪ್ ಹತ್ತಿರ ಬಂದರೆ ನೀವು ಹೋಗಿರುವುದು ಲೈಟ್ ಸ್ಲೀಪ್‌ಗೆ. 100ರಿಂದ 150 ಮೈಕ್ರೊಆ್ಯಂಪ್ ಬಂದರೆ ಯುಎಲ್‌ಪಿ ಕೋಪ್ರೊಸೆಸರ್ (ನಿದ್ದೆಯಲ್ಲೂ ಓಡಬಲ್ಲ ಪುಟ್ಟ ಪ್ರೊಸೆಸರ್) ಅಥವಾ ಆರ್‌ಟಿಸಿ ಪೆರಿಫೆರಲ್ (ನಿದ್ದೆಯಲ್ಲೂ ಆನ್ ಇಡಬಹುದಾದ ಚಿಪ್ಪಿನ ಭಾಗ) ಆನ್ ಉಳಿದಿದೆಯೇ ನೋಡಿ.

## ಹಂತ 4: ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಎಲ್‌ಇಡಿ

ಡೆವ್‌ಬೋರ್ಡ್ ಇಟ್ಟುಕೊಂಡೇ ಬ್ಯಾಟರಿ ಸಾಧನ ಮಾಡುತ್ತೇನೆ ಎನ್ನುವವರು ತೆಗೆಯಬೇಕಾದ ಮೂರು ಭಾಗಗಳಿವು. ಮೂರನ್ನೂ ತೆಗೆದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಬೇರ್ ಮಾಡ್ಯೂಲೇ. ಹೊಸದಾಗಿ ಮಾಡುವವರು ಬೇರ್ ಮಾಡ್ಯೂಲ್‌ನಿಂದಲೇ ಶುರು ಮಾಡುವುದು ವಾಸಿ.

ರೆಗ್ಯುಲೇಟರ್. ಬಹುತೇಕ ಬೋರ್ಡ್‌ಗಳಲ್ಲಿರುವ ಎಎಂಎಸ್1117 ಏನೂ ಲೋಡ್ ಇಲ್ಲದಾಗಲೂ 5 ಮಿಲಿಆ್ಯಂಪ್ ತಿನ್ನುತ್ತದೆ. ಅದೂ ಅಲ್ಲದೆ ಅದಕ್ಕೆ ಒಳಗೂ ಹೊರಗೂ 1 ವೋಲ್ಟ್‌ಗಿಂತ ಹೆಚ್ಚು ಅಂತರ ಬೇಕು, 3.7 ವೋಲ್ಟ್ ಸೆಲ್‌ನಿಂದ 3.3 ವೋಲ್ಟ್ ಅದು ಕೊಡಲಾರದು. ಬದಲಿಗೆ ಸಿಗುವವುಗಳನ್ನು ಆರಿಸುವಾಗ ಎರಡು ಅಂಕಿ ನೋಡಿ: ಸ್ವಂತ ಬಳಕೆ ಮತ್ತು ಗರಿಷ್ಠ ಔಟ್‌ಪುಟ್ ಕರೆಂಟ್. ವೈಫೈ ಟ್ರಾನ್ಸ್‌ಮಿಟ್ ಮಾಡುವಾಗ ಇಎಸ್‌ಪಿ32 ಚಿಪ್ 240 ಮಿಲಿಆ್ಯಂಪ್‌ವರೆಗೆ ಎಳೆಯುತ್ತದೆ. ಸಪ್ಲೈ 500 ಮಿಲಿಆ್ಯಂಪ್ ಕೊಡುವಂತಿರಬೇಕು ಎನ್ನುವುದು ತಯಾರಕರ ಸಲಹೆ.

- ಎಂಸಿಪಿ1700: ಸ್ವಂತ ಬಳಕೆ 1.6 ಮೈಕ್ರೊಆ್ಯಂಪ್, ಔಟ್‌ಪುಟ್ 250 ಮಿಲಿಆ್ಯಂಪ್. ವೈಫೈಗೆ ಸಾಲದು.
- ಎಚ್‌ಟಿ7333: 4 ಮೈಕ್ರೊಆ್ಯಂಪ್, 250 ಮಿಲಿಆ್ಯಂಪ್. ಸುಲಭವಾಗಿ ಸಿಗುತ್ತದೆ, ಇದೂ ಅಂಚಿನಲ್ಲೇ ಇದೆ.
- ಎಪಿ2112: 55 ಮೈಕ್ರೊಆ್ಯಂಪ್, 600 ಮಿಲಿಆ್ಯಂಪ್. ಕೆಲಸ ಮಾಡುತ್ತದೆ, ಸ್ಲೀಪ್ ಖರ್ಚು ಹೆಚ್ಚು.
- ಆರ್‌ಟಿ9080: 2 ಮೈಕ್ರೊಆ್ಯಂಪ್, 600 ಮಿಲಿಆ್ಯಂಪ್. ಸಿಕ್ಕಿದರೆ ಇದನ್ನೇ ಹಾಕಿ.

250 ಮಿಲಿಆ್ಯಂಪ್‌ನದನ್ನು ಹಾಕಿ ದೊಡ್ಡ ಕೆಪಾಸಿಟರ್‌ನಿಂದ ನಿಭಾಯಿಸುವವರಿದ್ದಾರೆ. ಮೇಜಿನ ಮೇಲೆ ನಡೆಯುತ್ತದೆ. ರೂಟರ್ ದೂರವಾಗಿ ಟ್ರಾನ್ಸ್‌ಮಿಟ್ ಸಮಯ ಹೆಚ್ಚಾದಾಗ, ಸೆಲ್ 3.5 ವೋಲ್ಟ್‌ಗೆ ಇಳಿದಾಗ ಬ್ರೌನ್‌ಔಟ್ ಶುರುವಾಗುತ್ತದೆ.

5 ವೋಲ್ಟ್‌ಗೆ ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕಿ, ಮತ್ತೆ ಬೋರ್ಡಿನ ರೆಗ್ಯುಲೇಟರ್‌ನಿಂದ 3.3ಕ್ಕೆ ಇಳಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಎರಡೂ ಕಡೆ ದಂಡ. ಪವರ್‌ಬ್ಯಾಂಕ್ ಬಳಸಿದರೆ ಕರೆಂಟ್ ಎಳೆಯುತ್ತಿಲ್ಲ ಎಂದು ಅದೇ ಆಫ್ ಆಗಿಬಿಡುತ್ತದೆ.

ಯುಎಸ್‌ಬಿ ಚಿಪ್. ಸಿಪಿ2102 ಸಸ್ಪೆಂಡ್ ಸ್ಥಿತಿಯಲ್ಲೂ 100 ಮೈಕ್ರೊಆ್ಯಂಪ್‌ನಷ್ಟು ಎಳೆಯುತ್ತದೆ. ಬೋರ್ಡ್ ವಿನ್ಯಾಸ ನೋಡಿ. ಅದಕ್ಕೆ ಸಪ್ಲೈ ಯುಎಸ್‌ಬಿ ಕಡೆಯಿಂದ ಮಾತ್ರ ಬರುತ್ತಿದ್ದರೆ ಬ್ಯಾಟರಿಯಲ್ಲಿ ಅದು ಸತ್ತೇ ಇರುತ್ತದೆ. 3.3 ವೋಲ್ಟ್ ಸಾಲಿನಿಂದ ಬರುತ್ತಿದ್ದರೆ ಚಿಪ್ ತೆಗೆಯಬೇಕು. ಆಮೇಲೆ ಪ್ರೋಗ್ರಾಂ ಹಾಕಲು ಹೊರಗಿನ ಸೀರಿಯಲ್ ಅಡಾಪ್ಟರ್.

ಎಲ್‌ಇಡಿ. 1 ಕಿಲೋಓಮ್ ಜೊತೆಗಿನ ಕೆಂಪು ಪವರ್ ಎಲ್‌ಇಡಿ 1.4 ಮಿಲಿಆ್ಯಂಪ್. ಅಂದರೆ ಇಡೀ ಚಿಪ್ಪಿನ ಸ್ಲೀಪ್ ಬಳಕೆಯ 140 ಪಟ್ಟು, ಬರೀ ಒಂದು ಕೆಂಪು ಚುಕ್ಕೆಗೆ. ಎಲ್‌ಇಡಿಯನ್ನೋ ಅದರ ರೆಸಿಸ್ಟರನ್ನೋ ಕಿತ್ತರೆ ಸಾಕು. ಸೆನ್ಸರ್ ಮಾಡ್ಯೂಲ್‌ಗಳ ಮೇಲಿನ ಎಲ್‌ಇಡಿಗಳನ್ನೂ ಮರೆಯಬೇಡಿ. ರಿಲೇ, ಎಸ್‌ಡಿ ಕಾರ್ಡ್, ಆರ್‌ಟಿಸಿ (ಗಡಿಯಾರ) ಮಾಡ್ಯೂಲ್ ಹಲವದರಲ್ಲಿ ಒಂದು ಕೂತಿರುತ್ತದೆ.

## ಹಂತ 5: ಸೆನ್ಸರ್‌ಗಳ ಸಪ್ಲೈ ಕಡಿಯಿರಿ

ಪ್ರತಿ ಸೆನ್ಸರ್‌ನ ಸ್ಟ್ಯಾಂಡ್‌ಬೈ ಅಂಕಿ ಡೇಟಾಶೀಟ್‌ನಲ್ಲಿ ನೋಡಿ. ಬಿಎಂಇ280 ಫೋರ್ಸ್ಡ್ ಮೋಡ್‌ನಲ್ಲಿ ಓದಿ ಬಿಟ್ಟರೆ 0.1 ಮೈಕ್ರೊಆ್ಯಂಪ್‌ಗೆ ಇಳಿಯುತ್ತದೆ. ಡಿಎಸ್18ಬಿ20ಯದು 1 ಮೈಕ್ರೊಆ್ಯಂಪ್‌ಗಿಂತ ಕಡಿಮೆ. ಇವನ್ನು ಹಾಗೇ ಬಿಡಬಹುದು. ಡಿಎಚ್‌ಟಿ22 ಸುಮ್ಮನಿದ್ದರೂ 40-50. ಕೆಪಾಸಿಟಿವ್ ಮಣ್ಣಿನ ತೇವಾಂಶ ಸೆನ್ಸರ್‌ನೊಳಗೆ 555 ಟೈಮರ್ ಸದಾ ಓಡುತ್ತಿರುತ್ತದೆ. ಸುಮಾರು 5 ಮಿಲಿಆ್ಯಂಪ್. ಇದನ್ನು ಕಡಿಯಲೇಬೇಕು.

5 ಮಿಲಿಆ್ಯಂಪ್ ಮಟ್ಟದ ಸೆನ್ಸರ್‌ಗೆ ಮಾಸ್‌ಫೆಟ್ ಕೂಡ ಬೇಕಿಲ್ಲ. ಒಂದು ಜಿಪಿಐಒ ಪಿನ್ನಿನಿಂದಲೇ ಸಪ್ಲೈ ಕೊಡಿ: ಪಿನ್ ಹೈ ಮಾಡಿ, ಕೆಲವು ನೂರು ಮಿಲಿಸೆಕೆಂಡ್ ಕಾದು, ಓದಿ, ಲೋ ಮಾಡಿ. ಅದಕ್ಕಿಂತ ಹೆಚ್ಚು ಎಳೆಯುವವಕ್ಕೆ, ಜಿಪಿಎಸ್, ಎಸ್‌ಡಿ ಕಾರ್ಡ್‌ನಂಥವಕ್ಕೆ, ಎಒ3401 ಬಳಸಿ. ಸೋರ್ಸ್ 3.3 ವೋಲ್ಟ್‌ಗೆ, ಡ್ರೇನ್ ಸೆನ್ಸರ್‌ಗೆ, ಗೇಟ್‌ನಿಂದ ಸೋರ್ಸ್‌ಗೆ 100 ಕಿಲೋಓಮ್, ಗೇಟ್‌ನಿಂದ ಜಿಪಿಐಒಗೆ 10 ಕಿಲೋಓಮ್. ಪಿನ್ ಲೋ ಆದಾಗ ಆನ್. ಆ 100 ಕಿಲೋಓಮ್ ಹಾಕದಿದ್ದರೆ, ಚಿಪ್ ಮಲಗಿದಾಗ ಗೇಟ್ ತೇಲಿ ಮಾಸ್‌ಫೆಟ್ ಅರೆಬರೆ ಆನ್ ಆಗುತ್ತದೆ. ಕೈ ಹತ್ತಿರ ತಂದರೆ ಅಂಕಿ ಬದಲಾಗುವುದು ಇದರ ಲಕ್ಷಣ.

ಸಪ್ಲೈಯನ್ನು ಮೇಲಿನಿಂದಲೇ ಕಡಿಯಬೇಕು, ಗ್ರೌಂಡ್ ಕಡೆಯಿಂದ ಬೇಡ. ಗ್ರೌಂಡ್ ಕಡಿದರೆ ಸೆನ್ಸರ್ ಡೇಟಾ ತಂತಿಗಳ ಮೂಲಕ ಗ್ರೌಂಡ್ ಹುಡುಕಿಕೊಳ್ಳುತ್ತದೆ.

ಹಿಂಬಾಗಿಲ ಕರೆಂಟ್. ಮಾಸ್‌ಫೆಟ್ ಸರಿಯಾಗಿ ಹಾಕಿದ ಮೇಲೂ ನೂರಾರು ಮೈಕ್ರೊಆ್ಯಂಪ್ ಉಳಿಯಿತೇ? ಸೆನ್ಸರ್‌ನ ಸಪ್ಲೈ ಪಿನ್ನಿನಲ್ಲಿ ವೋಲ್ಟೇಜ್ ನೋಡಿ. ಆಫ್ ಆಗಿರುವಾಗ ಸೊನ್ನೆ ಹತ್ತಿರ ಇರಬೇಕು. 1ರಿಂದ 2.5 ವೋಲ್ಟ್ ಕಂಡರೆ ಸೆನ್ಸರ್ ಡೇಟಾ ತಂತಿಗಳಿಂದ ಕರೆಂಟ್ ಕುಡಿಯುತ್ತಿದೆ. ಐ2ಸಿ (ಎರಡು ತಂತಿಯ ಡೇಟಾ ಸಂಪರ್ಕ) ಪುಲ್‌ಅಪ್‌ಗಳು ಸದಾ ಆನ್ ಇರುವ 3.3 ವೋಲ್ಟ್‌ಗೆ ಸೇರಿರುತ್ತವೆ. ಅಲ್ಲಿಂದ ಸೆನ್ಸರ್‌ನ ರಕ್ಷಣಾ ಡಯೋಡ್ ಮೂಲಕ ಅದರ ಸಪ್ಲೈಗೆ ದಾರಿ. ಪರಿಹಾರ ಎರಡು, ಎರಡೂ ಒಟ್ಟಿಗೆ ಬೇಕು: ಪುಲ್‌ಅಪ್‌ಗಳನ್ನು ಮಾಸ್‌ಫೆಟ್‌ನ ಆಚೆಗಿನ, ಕಡಿಯುವ ಸಾಲಿಗೆ ಸೇರಿಸಿ, ಸಪ್ಲೈ ಕಡಿಯುವ ಮೊದಲು ಡೇಟಾ ಪಿನ್‌ಗಳನ್ನು ಪುಲ್‌ಅಪ್ ಇಲ್ಲದ ಇನ್‌ಪುಟ್ ಮಾಡಿ. ಎಸ್‌ಡಿ ಕಾರ್ಡ್‌ನಲ್ಲಿ ಎಸ್‌ಪಿಐನ ನಾಲ್ಕೂ ತಂತಿಗಳಿಗೆ ಇದು ಅನ್ವಯ, ಚಿಪ್ ಸೆಲೆಕ್ಟ್ ಸೇರಿ.

ಪುಲ್‌ಅಪ್ ಹಾಗೇ ಇದ್ದು ಚಿಪ್ ಕಡೆ ತಂತಿ ಲೋ ಆಗಿ ಉಳಿದರೆ ಇನ್ನೊಂದು ಬಗೆಯ ಸೋರಿಕೆ. 4.7 ಕಿಲೋಓಮ್ ಆದರೆ ಒಂದು ತಂತಿಗೆ 0.7 ಮಿಲಿಆ್ಯಂಪ್, ಎರಡಕ್ಕೆ 1.4.

ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೊ) ಮಾಡ್ಯೂಲ್‌ಗಳ ಸಪ್ಲೈ ಕಡಿಯುವ ಬದಲು ಕಮಾಂಡ್ ಕೊಟ್ಟು ಮಲಗಿಸುವುದು ಸುಲಭ. ಎಸ್‌ಎಕ್ಸ್1276 ಸ್ಲೀಪ್‌ನಲ್ಲಿ 0.2 ಮೈಕ್ರೊಆ್ಯಂಪ್, ಸ್ಟ್ಯಾಂಡ್‌ಬೈನಲ್ಲಿ 1.6 ಮಿಲಿಆ್ಯಂಪ್. ಪ್ಯಾಕೆಟ್ ಕಳಿಸಿದ ಮೇಲೆ ಅದು ನಿಲ್ಲುವುದು ಸ್ಟ್ಯಾಂಡ್‌ಬೈನಲ್ಲಿ, ತಾನಾಗಿ ಮಲಗುವುದಿಲ್ಲ. ಅದರ ಚಿಪ್ ಸೆಲೆಕ್ಟ್ ಪಿನ್ನಿಗೆ 100 ಕಿಲೋಓಮ್ ಪುಲ್‌ಅಪ್ ಹಾಕಿದರೆ ಇಎಸ್‌ಪಿ32 ಮಲಗಿರುವಾಗ ತಂತಿ ತೇಲುವುದಿಲ್ಲ.

## ಹಂತ 6: ಬ್ಯಾಟರಿ ವೋಲ್ಟೇಜ್ ಓದುವ ಡಿವೈಡರ್

ಡಿವೈಡರ್ ಎಂದರೆ ಸೆಲ್‌ನ ವೋಲ್ಟೇಜನ್ನು ಪಿನ್ ಓದುವಷ್ಟಕ್ಕೆ ಇಳಿಸುವ ಎರಡು ರೆಸಿಸ್ಟರ್. ಎರಡು 10 ಕಿಲೋಓಮ್ ಹಾಕಿದರೆ 4.2 ವೋಲ್ಟ್‌ನಲ್ಲಿ 210 ಮೈಕ್ರೊಆ್ಯಂಪ್ ಸದಾ ಸೋರುತ್ತದೆ. ಎರಡು 100 ಕಿಲೋಓಮ್‌ಗೆ 21. ಎರಡು 1 ಮೆಗಾಓಮ್ ಹಾಕಿ, ವೋಲ್ಟೇಜ್ ಓದುವ ಎಡಿಸಿ ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಕೂರಿಸಿ, 2.1ಕ್ಕೆ ಇಳಿಯುತ್ತದೆ. ಕೆಪಾಸಿಟರ್ ಇಲ್ಲದಿದ್ದರೆ ಎಡಿಸಿ ಓದುವ ಕ್ಷಣದಲ್ಲಿ ವೋಲ್ಟೇಜ್ ಬಿದ್ದು ರೀಡಿಂಗ್ ಕಡಿಮೆ ಬರುತ್ತದೆ. ವೈಫೈ ಆನ್ ಮಾಡುವ ಮೊದಲೇ ಓದಿ, ಪಿನ್ ಎಡಿಸಿ1ರದ್ದಾಗಿರಲಿ, ಅಂದರೆ ಜಿಪಿಐಒ32ರಿಂದ 39ರ ಒಳಗೆ. ಎಡಿಸಿ2 ವೈಫೈ ಜೊತೆ ಹೊಂದಿಕೊಳ್ಳುವುದಿಲ್ಲ.

## ಹಂತ 7: ಪಿನ್‌ಗಳು

ಡೀಪ್ ಸ್ಲೀಪ್‌ನಲ್ಲಿ ಡಿಜಿಟಲ್ ಪಿನ್‌ಗಳು ತಮ್ಮ ಸ್ಥಿತಿ ಬಿಡುತ್ತವೆ. ಯಾವುದಾದರೂ ಪಿನ್ ಮಲಗಿದಾಗಲೂ ಹೈ ಅಥವಾ ಲೋ ಇರಲೇಬೇಕು ಎಂದಾದರೆ ಮೊದಲ ಆಯ್ಕೆ ಹೊರಗೆ ಒಂದು ರೆಸಿಸ್ಟರ್. ಅದಾಗದಿದ್ದರೆ ಜಿಪಿಐಒ ಹೋಲ್ಡ್ ಮತ್ತು ಡೀಪ್ ಸ್ಲೀಪ್ ಹೋಲ್ಡ್ ಎರಡೂ ಫಂಕ್ಷನ್ ಕರೆಯಿರಿ. ಎಚ್ಚರವಾದ ಮೇಲೆ ಹೋಲ್ಡ್ ಬಿಡಿಸದಿದ್ದರೆ ಪಿನ್ ಮಾತು ಕೇಳುವುದಿಲ್ಲ. "ಮೊದಲ ಸಲ ಸೆನ್ಸರ್ ಓದುತ್ತದೆ, ಎರಡನೇ ಸಲದಿಂದ ಇಲ್ಲ" ಎನ್ನುವ ದೂರಿನ ಮೂಲ ಹೆಚ್ಚಾಗಿ ಇದೇ.

ವ್ರೂಮ್ ಬದಲು ಇಎಸ್‌ಪಿ32ರ ಇನ್ನೊಂದು ಮಾಡ್ಯೂಲ್ ಆದ ವ್ರೋವರ್ ಬಳಸುವವರು ಜಿಪಿಐಒ12 ನೋಡಲೇಬೇಕು. ಅದಕ್ಕೆ ಮಾಡ್ಯೂಲ್‌ನಲ್ಲಿ ಪುಲ್‌ಅಪ್, ಚಿಪ್ ಒಳಗೆ ಪುಲ್‌ಡೌನ್. ಮಲಗಿರುವಾಗ ಎರಡರ ನಡುವೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಮಲಗುವ ಮುನ್ನ ಆರ್‌ಟಿಸಿ ಜಿಪಿಐಒ ಐಸೊಲೇಟ್ ಫಂಕ್ಷನ್ ಒಂದು ಸಲ ಕರೆದರೆ ನಿಲ್ಲುತ್ತದೆ.

ಬಟನ್‌ನಿಂದ ಎಬ್ಬಿಸುವುದಾದರೆ ಎಕ್ಸ್‌ಟಿ0 ಎಂಬ ವೇಕ್‌ಅಪ್ ವಿಧಾನಕ್ಕೆ ಒಳಗಿನ ಪುಲ್‌ಅಪ್ ಬಳಸಲು ಆರ್‌ಟಿಸಿ ಪೆರಿಫೆರಲ್ ಆನ್ ಇರಬೇಕಾಗುತ್ತದೆ, ಬಳಕೆ ಏರುತ್ತದೆ. ಎಕ್ಸ್‌ಟಿ1 ಬಳಸಿ, ಪುಲ್‌ಅಪ್ ಹೊರಗೆ 1 ಮೆಗಾಓಮ್ ಹಾಕಿ. 34ರಿಂದ 39ರ ಪಿನ್‌ಗಳಿಗೆ ಒಳಗೆ ಪುಲ್‌ಅಪ್ ಇಲ್ಲವೇ ಇಲ್ಲ ಎಂಬುದು ನೆನಪಿರಲಿ.

## ಹಂತ 8: ಎಚ್ಚರದ ಸಮಯ ಕಡಿಮೆ ಮಾಡಿ

ಈಗ ಕೋಡ್ ತೆರೆಯಬಹುದು. 3 ಸೆಕೆಂಡಿನಲ್ಲಿ ಹೆಚ್ಚು ಪಾಲು ಹೋಗುವುದು ವೈಫೈ ಚಾನೆಲ್‌ಗಳನ್ನು ಹುಡುಕಲು ಮತ್ತು ಡಿಎಚ್‌ಸಿಪಿಯಿಂದ ಐಪಿ ವಿಳಾಸ ಪಡೆಯಲು.

1. ಮೊದಲ ಸಲ ಸೇರಿದಾಗ ರೂಟರ್‌ನ ಬಿಎಸ್‌ಎಸ್‌ಐಡಿ (ಅದರ ವೈಫೈ ವಿಳಾಸ) ಮತ್ತು ಚಾನೆಲ್ ಸಂಖ್ಯೆಯನ್ನು ಆರ್‌ಟಿಸಿ ಮೆಮೊರಿಯಲ್ಲಿಡಿ. ಡೀಪ್ ಸ್ಲೀಪ್‌ನಲ್ಲೂ ಅದು ಅಳಿಯುವುದಿಲ್ಲ. 8 ಕಿಲೋಬೈಟ್ ಜಾಗವಿದೆ.
2. ಮುಂದಿನ ಸಲ ಅವೆರಡನ್ನೂ ಕೊಟ್ಟು ಸೇರಿ. ಸಿಗದಿದ್ದರೆ ಮಾತ್ರ ಪೂರ್ತಿ ಸ್ಕ್ಯಾನ್.
3. ಸ್ಥಿರ ಐಪಿ ಕೊಡಿ. ರೂಟರ್‌ನ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿನ ವಿಳಾಸವಾಗಿರಲಿ.
4. ಸೆನ್ಸರ್ ಓದಿ ಮುಗಿಸಿದ ಮೇಲೆ ವೈಫೈ ಆನ್ ಮಾಡಿ.
5. ಸೀರಿಯಲ್ ಪ್ರಿಂಟ್‌ಗಳನ್ನೂ, ಅಭ್ಯಾಸಬಲದಿಂದ ಹಾಕಿದ ಡಿಲೇಗಳನ್ನೂ ತೆಗೆಯಿರಿ.
6. ಮಲಗುವ ಮುನ್ನ ವೈಫೈ ನಿಲ್ಲಿಸಿ.

ಹೀಗೆ ಮಾಡಿದರೆ ಎಚ್ಚರದ ಅವಧಿ 1 ಸೆಕೆಂಡಿನೊಳಗೆ ಬರುತ್ತದೆ. 0.6 ಸೆಕೆಂಡ್ ಎಂದರೆ ದಿನದ ಖರ್ಚು 8ರಿಂದ 1.6 ಮಿಲಿಆ್ಯಂಪ್-ಅವರ್‌ಗೆ ಇಳಿಯಿತು. ಪ್ರತಿ ಸಲ ಕಳಿಸಲೇಬೇಕೆಂದಿಲ್ಲದಿದ್ದರೆ ನಾಲ್ಕು ರೀಡಿಂಗ್ ಆರ್‌ಟಿಸಿ ಮೆಮೊರಿಯಲ್ಲಿ ಕೂಡಿಟ್ಟು ಗಂಟೆಗೊಮ್ಮೆ ಕಳಿಸಿ; ರೇಡಿಯೊ ಇಲ್ಲದೆ 80 ಮೆಗಾಹರ್ಟ್ಸ್‌ನಲ್ಲಿ ಚಿಪ್ ಎಳೆಯುವುದು 20ರಿಂದ 31 ಮಿಲಿಆ್ಯಂಪ್ ಮಾತ್ರ.

ಕರೆಂಟ್ ಹೋದಾಗ ಏನಾಗುತ್ತದೆ? ಇದನ್ನು ಯೋಚಿಸದೆ ಬರೆದ ಕೋಡ್ ಮೇಲಿನ ಎಲ್ಲ ಶ್ರಮವನ್ನೂ ಒಂದೇ ರಾತ್ರಿಯಲ್ಲಿ ಹಾಳು ಮಾಡುತ್ತದೆ. ಮನೆಯಲ್ಲಿ ಕರೆಂಟ್ ಇಲ್ಲ, ರೂಟರ್ ಆಫ್. ಸೆನ್ಸರ್ ಮಾತ್ರ "ಕನೆಕ್ಟ್ ಆಗುವವರೆಗೆ ಕಾಯು" ಎಂಬ ಲೂಪ್‌ನಲ್ಲಿ 100 ಮಿಲಿಆ್ಯಂಪ್ ಎಳೆಯುತ್ತ ಕೂತಿರುತ್ತದೆ. 8 ಗಂಟೆಗೆ 800 ಮಿಲಿಆ್ಯಂಪ್-ಅವರ್, ಸೆಲ್‌ನ ಮೂರನೇ ಒಂದು ಭಾಗ. 8 ಸೆಕೆಂಡ್ ಮಿತಿ ಹಾಕಿ, ಸೇರದಿದ್ದರೆ ಮಲಗಿಸಿ. ಸತತವಾಗಿ ವಿಫಲವಾದರೆ ಸ್ಲೀಪ್ ಅವಧಿಯನ್ನು 15, 30, 60 ನಿಮಿಷ ಎಂದು ಹೆಚ್ಚಿಸುತ್ತ ಹೋಗಿ. ಸೇರಿದ ಕೂಡಲೇ 15ಕ್ಕೆ ತನ್ನಿ. ವೈಫೈ ಸಿಕ್ಕು ಸರ್ವರ್ ಉತ್ತರಿಸದ ಸಂದರ್ಭಕ್ಕೂ ಇಂಥದೇ ಮಿತಿ ಬೇಕು. ಕೋಡ್ ಎಲ್ಲೇ ಸಿಕ್ಕಿಕೊಂಡರೂ ಮಲಗಿಸುವ ಒಂದು ಒಟ್ಟು ಟೈಮರ್, 20 ಸೆಕೆಂಡಿನದು, ಮೇಲಿಂದ ಇರಲಿ.

ಪರೀಕ್ಷೆ ಸುಲಭ: ರೂಟರ್ ಆಫ್ ಮಾಡಿ ಒಂದು ಗಂಟೆ ಬಿಟ್ಟು, ಸೆಲ್‌ನಿಂದ ಎಳೆದದ್ದನ್ನು ನೋಡಿ.

## ಹಂತ 9: ಎಲ್ಲಿ ನಿಲ್ಲಿಸಬೇಕು

18650 ಸೆಲ್ ತನ್ನಷ್ಟಕ್ಕೆ ತಾನೇ ತಿಂಗಳಿಗೆ 2 ಶೇಕಡಾದಷ್ಟು ಕಳೆದುಕೊಳ್ಳುತ್ತದೆ ಎಂದುಕೊಂಡರೂ 2500ರ ಸೆಲ್‌ಗೆ ಅದು 50 ಮಿಲಿಆ್ಯಂಪ್-ಅವರ್. ನಿರಂತರ 70 ಮೈಕ್ರೊಆ್ಯಂಪ್ ಎಳೆದಂತೆ. ಆದ್ದರಿಂದ ಒಟ್ಟು ಸ್ಲೀಪ್ ಬಳಕೆ 20ಕ್ಕೆ ಬಂದಿದ್ದರೆ ಅದನ್ನು 12ಕ್ಕೆ ಇಳಿಸಲು ವಾರಗಟ್ಟಲೆ ಕೂರುವುದು ವ್ಯರ್ಥ. ಆ ಹೊತ್ತನ್ನು ಹಂತ 8ಕ್ಕೆ ಕೊಡಿ.

ಇನ್ನೂ ಕೆಳಗೆ ಹೋಗುವ ನಿಜವಾದ ಅಗತ್ಯವಿದ್ದರೆ ಟಿಪಿಎಲ್5110 ಟೈಮರ್ ಚಿಪ್ ಇದೆ. ತಾನು 35 ನ್ಯಾನೊಆ್ಯಂಪ್ ಬಳಸಿ, ಒಂದು ಮಾಸ್‌ಫೆಟ್ ಮೂಲಕ ಇಡೀ ಸರ್ಕ್ಯೂಟ್ ಕಡಿದು, ಗರಿಷ್ಠ 2 ಗಂಟೆಗೊಮ್ಮೆ ಎಬ್ಬಿಸುತ್ತದೆ. ಬೆಲೆ ತೆರಬೇಕಾದುದು ಬೇರೆ ಕಡೆ: ಆರ್‌ಟಿಸಿ ಮೆಮೊರಿ ಅಳಿದುಹೋಗುತ್ತದೆ, ಚಾನೆಲ್ ಮಾಹಿತಿಯನ್ನು ಫ್ಲ್ಯಾಶ್‌ನಲ್ಲಿ ಇಡಬೇಕು, ಪ್ರತಿ ಸಲ ಬರೆದು ಫ್ಲ್ಯಾಶ್ ಸವೆಸದಂತೆ ಬದಲಾದಾಗ ಮಾತ್ರ ಬರೆಯಬೇಕು. ಹೆಚ್ಚು ಹೊತ್ತು ಎದ್ದಿರುವ ಸಾಧನಕ್ಕೆ ಇದರಿಂದ ಉಳಿತಾಯಕ್ಕಿಂತ ನಷ್ಟವೇ ಆಗಬಹುದು.

## ಅಂಕಿ ನೋಡಿ ಕಳ್ಳನನ್ನು ಗುರುತಿಸಲು

- 5ರಿಂದ 11 ಮಿಲಿಆ್ಯಂಪ್: ಎಎಂಎಸ್1117, ಅಥವಾ ಸದಾ ಆನ್ ಇರುವ ತೇವಾಂಶ ಸೆನ್ಸರ್.
- 1ರಿಂದ 2 ಮಿಲಿಆ್ಯಂಪ್: ಎಲ್‌ಇಡಿ, ಸ್ಟ್ಯಾಂಡ್‌ಬೈನಲ್ಲಿ ಉಳಿದ ಲೋರಾ, ಲೋ ಆಗಿ ಉಳಿದ ಎರಡು ಐ2ಸಿ ತಂತಿ.
- 0.8 ಮಿಲಿಆ್ಯಂಪ್: ಡೀಪ್ ಬದಲು ಲೈಟ್ ಸ್ಲೀಪ್.
- 100ರಿಂದ 300 ಮೈಕ್ರೊಆ್ಯಂಪ್: ಯುಎಸ್‌ಬಿ ಚಿಪ್, 10 ಕಿಲೋಓಮ್ ಡಿವೈಡರ್, ಹಿಂಬಾಗಿಲ ಕರೆಂಟ್.
- 40ರಿಂದ 60 ಮೈಕ್ರೊಆ್ಯಂಪ್: ಡಿಎಚ್‌ಟಿ22, ಎಪಿ2112.
- ಕೈ ತಂದರೆ ಬದಲಾಗುವ ಅಂಕಿ: ತೇಲುವ ಪಿನ್ ಅಥವಾ ಗೇಟ್.
- ಒಣಗಿದ್ದಾಗ ಸರಿ, ಮಳೆಗಾಲದಲ್ಲಿ ಹೆಚ್ಚು: ಪಿಸಿಬಿ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿಕೊಂಡಿದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಒಣಗಿಸಿ, ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹಚ್ಚಿ. ಮೆಗಾಓಮ್ ರೆಸಿಸ್ಟರ್‌ಗಳ ಸುತ್ತ ಇದು ಮುಖ್ಯ. ಮಲೆನಾಡಿನ ತೋಟದಲ್ಲಿಡುವ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವೂ ಇರಲಿ.
- ಮೀಟರಿನಲ್ಲಿ ಎಲ್ಲ ಸರಿ, ಬ್ಯಾಟರಿ ಮಾತ್ರ ಬೇಗ ಖಾಲಿ: ಎಚ್ಚರದ ಅವಧಿ, ಇಲ್ಲವೇ ಲೆಕ್ಕಕ್ಕೆ ಸಿಗದ ರೀಸೆಟ್‌ಗಳು. ಆರ್‌ಟಿಸಿ ಮೆಮೊರಿಯಲ್ಲಿ ಒಂದು ಬೂಟ್ ಎಣಿಕೆ ಇಟ್ಟು, ಅದನ್ನೂ ಹಿಂದಿನ ಸಲ ಎಚ್ಚರವಿದ್ದ ಮಿಲಿಸೆಕೆಂಡನ್ನೂ ರೀಸೆಟ್ ಕಾರಣವನ್ನೂ ಬ್ಯಾಟರಿ ವೋಲ್ಟೇಜನ್ನೂ ರೀಡಿಂಗ್ ಜೊತೆಗೇ ಕಳಿಸಿ. ಎಣಿಕೆ ದಿನಕ್ಕೆ 96ರ ಆಸುಪಾಸು ಏರಬೇಕು. ಒಳಗಿನ ಆರ್‌ಸಿ ಗಡಿಯಾರ ಬಿಸಿಲು-ಚಳಿಗೆ ಸ್ವಲ್ಪ ಹಿಂದೆಮುಂದೆ ಆಗುವುದರಿಂದ ಒಂದೆರಡು ವ್ಯತ್ಯಾಸ ಸಹಜ. ಎಣಿಕೆ ಮಧ್ಯೆ ಸೊನ್ನೆಗೆ ಬಿದ್ದಿದ್ದರೆ, ಅಥವಾ ಕಾರಣದ ಜಾಗದಲ್ಲಿ ಬ್ರೌನ್‌ಔಟ್ ಎಂದು ಬರುತ್ತಿದ್ದರೆ, ಹಂತ 4ರ ರೆಗ್ಯುಲೇಟರ್‌ಗೆ ಮತ್ತು ಸೆಲ್ ಹೋಲ್ಡರ್‌ನ ತುಕ್ಕಿಗೆ ವಾಪಸ್ ಹೋಗಿ.